ಫಾರ್ವರ್ಡ್ ಒತ್ತಿದ ಮೇಲೆ: ಕದ್ದ ಪ್ರಿಂಟ್‌ನ ಕಾನೂನು, ಲೆಕ್ಕ, ನ್ಯಾಯ

ಹೊಸ ಸಿನಿಮಾದ ಕದ್ದ ಪ್ರಿಂಟ್ ಟೆಲಿಗ್ರಾಂಗೆ ಬಂದಾಗ ಅದರ ಫೈಲ್ ಹೆಸರನ್ನು ಯಾರೂ ಪೂರ್ತಿ ಓದುವುದಿಲ್ಲ. ಓದಿದರೆ ಅಪರಾಧದ ಅರ್ಧ ಜಾತಕ ಅಲ್ಲೇ ಸಿಗುತ್ತದೆ. ಮೊದಲು ಚಿತ್ರದ ಹೆಸರು, ಆಮೇಲೆ ಇಸವಿ, ಅದರ ಬೆನ್ನಿಗೆ ‘ಕನ್ನಡ ಎಚ್‌ಕ್ಯು ಪ್ರಿ-ಡಿವಿಡಿ 720ಪಿ ಲೈನ್ ಆಡಿಯೊ 1.4 ಜಿಬಿ’ ಎಂಬಂಥ ಬಾಲ. ‘ಪ್ರಿ-ಡಿವಿಡಿ’ ಅಥವಾ ‘ಕ್ಯಾಮ್’ ಎಂದರೆ ಚಿತ್ರಮಂದಿರದ ಪರದೆಗೆ ಕ್ಯಾಮೆರಾ ಹಿಡಿದು ಮಾಡಿದ ಪ್ರತಿ. ‘ಲೈನ್ ಆಡಿಯೊ’ ಎಂದರೆ ದನಿಯನ್ನು ಮೈಕಿನಿಂದ ಹಿಡಿಯದೆ ಸೌಂಡ್ ಸಿಸ್ಟಮ್‌ನಿಂದಲೇ ನೇರವಾಗಿ ಎಳೆದದ್ದು. ಅಂದರೆ ಒಳಗಿನವರು ಯಾರೋ ಕೈಜೋಡಿಸಿರುವ ಸಾಧ್ಯತೆ ಇದೆ. ‘ಎಚ್‌ಡಿಟಿವಿ’ ಟಿವಿ ಪ್ರಸಾರದಿಂದ ಇಳಿಸಿಕೊಂಡದ್ದು. ‘ವೆಬ್-ಡಿಎಲ್’ ಒಟಿಟಿಯ ಡಿಜಿಟಲ್ ಬೀಗ ಮುರಿದು ತೆಗೆದದ್ದು. ಒಂದೊಂದು ಪದವೂ ಒಂದೊಂದು ಬೇರೆ ಕಾನೂನನ್ನು ಮುರಿದ ಗುರುತು.

ಜನ ಕೇಳುವ ಪ್ರಶ್ನೆ ಮಾತ್ರ ಒಂದೇ: ‘ಡೌನ್‌ಲೋಡ್ ಮಾಡಿದ್ರೆ ಜೈಲಾಗತ್ತಾ?’ ಇದಕ್ಕೆ ಹೌದು, ಇಲ್ಲ ಎಂದು ಒಂದೇ ಪದದಲ್ಲಿ ಉತ್ತರ ಹೇಳಿದವರು ಅರ್ಧ ಮಾತ್ರ ಹೇಳಿದ್ದಾರೆ. ನೋಡುವುದು, ಇಳಿಸಿಕೊಳ್ಳುವುದು, ಹಂಚುವುದು, ಊರಿಗೆ ತೋರಿಸುವುದು, ಥಿಯೇಟರ್‌ನಲ್ಲಿ ಚಿತ್ರೀಕರಿಸುವುದು, ಇವು ಐದು ಬೇರೆ ಬೇರೆ ಕೆಲಸಗಳು. ಕಾನೂನು ಐದಕ್ಕೂ ಐದು ರೀತಿಯಲ್ಲಿ ಉತ್ತರಿಸುತ್ತದೆ. ಕನ್ನಡ ಚಿತ್ರಕ್ಕೆ ಆಗುವ ಏಟು ಕೂಡ ಐದರಲ್ಲೂ ಸಮನಾಗಿಲ್ಲ.

ಬರೀ ನೋಡಿದರೆ

2016ರಲ್ಲಿ ತಡೆಹಿಡಿದ ಸೈಟೊಂದನ್ನು ತೆರೆದವರಿಗೆ ಪರದೆಯ ಮೇಲೆ ಭಯಾನಕ ಎಚ್ಚರಿಕೆ ಕಾಣುತ್ತಿತ್ತು. ಈ ಪುಟದಲ್ಲಿರುವ ಅಕ್ರಮ ಪ್ರತಿಯನ್ನು ನೋಡುವುದು, ಡೌನ್‌ಲೋಡ್ ಮಾಡುವುದು ಎಲ್ಲವೂ ಅಪರಾಧ, ಮೂರು ವರ್ಷ ಜೈಲು, ದಂಡ ಎಂದು. ವಿಷಯ ಬಾಂಬೆ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಗೌತಮ್ ಪಟೇಲ್ ಅವರ ಮುಂದೆ ಬಂತು. ಬರೀ ನೋಡುವುದು ಅಪರಾಧವಲ್ಲ, ಅನುಮತಿ ಇಲ್ಲದೆ ಹಂಚುವುದು, ಸಾರ್ವಜನಿಕವಾಗಿ ಪ್ರದರ್ಶಿಸುವುದು, ಮಾರಾಟಕ್ಕೋ ಬಾಡಿಗೆಗೋ ಬಿಡುವುದು ಅಪರಾಧ ಎಂದು ಅವರು ಸ್ಪಷ್ಟಪಡಿಸಿದರು. ಸಂದೇಶದ ಒಕ್ಕಣೆ ಬದಲಿಸುವಂತೆಯೂ ಹೇಳಿದರು. ಸ್ಟ್ರೀಮಿಂಗ್‌ನಲ್ಲಿ ಫೋನಿನೊಳಗೆ ಕ್ಷಣಕಾಲ ಉಳಿಯುವ ತಾತ್ಕಾಲಿಕ ದತ್ತಾಂಶದ ಬಗ್ಗೆಯೂ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಸೆಕ್ಷನ್ 52ರಲ್ಲಿ ವಿನಾಯಿತಿಯ ಮಾತಿದೆ.

ಇದೇ ಭಯವನ್ನು ಬಂಡವಾಳ ಮಾಡಿಕೊಂಡ ಮೋಸವೂ ಒಂದಿದೆ. ಪೈರಸಿ ಸೈಟ್ ತೆರೆದಾಗ ಬ್ರೌಸರ್ ಇಡೀ ಪರದೆಗೆ ಹರಡಿಕೊಂಡು, ಸರ್ಕಾರದ ಲಾಂಛನ ತೋರಿಸಿ, ‘ನಿಮ್ಮ ಸಾಧನವನ್ನು ಲಾಕ್ ಮಾಡಲಾಗಿದೆ, ಈಗಲೇ ದಂಡ ಕಟ್ಟಿ’ ಎನ್ನುತ್ತದೆ. ಕಾಪಿರೈಟ್ ಅಪರಾಧದ ದಂಡವನ್ನು ವಿಚಾರಣೆ ನಡೆಸಿ ನ್ಯಾಯಾಲಯವೇ ವಿಧಿಸಬೇಕು. ಅದನ್ನು ವಸೂಲು ಮಾಡುವ ಯಾವ ಪಾಪ್‌ಅಪ್ಪೂ ಇಲ್ಲ. ಬ್ರೌಸರನ್ನು ಬಲವಂತವಾಗಿ ಮುಚ್ಚಿ, ಮತ್ತೆ ತೆರೆಯುವಾಗ ಹಳೆಯ ಟ್ಯಾಬ್‌ಗಳನ್ನು ಮರಳಿ ತರಬೇಡಿ, ಅಷ್ಟು ಸಾಕು. ಗಾಬರಿಯಲ್ಲಿ ಕಾರ್ಡ್ ಸಂಖ್ಯೆ ಕೊಟ್ಟುಬಿಟ್ಟಿದ್ದರೆ ತಕ್ಷಣ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ.

ಇಳಿಸಿಕೊಂಡರೆ

ಇಲ್ಲಿ ನೆಲ ಸ್ವಲ್ಪ ಜಾರುತ್ತದೆ. ಕಾಯ್ದೆಯ ಸೆಕ್ಷನ್ 14ರ ಪ್ರಕಾರ ಸಿನಿಮಾದ ಪ್ರತಿ ಮಾಡುವ ಹಕ್ಕು ಮಾಲೀಕನಿಗೆ ಮಾತ್ರ. ನಮ್ಮ ಕಾನೂನಿನಲ್ಲಿ ಚಲನಚಿತ್ರದ ‘ಕರ್ತೃ’ ನಿರ್ಮಾಪಕ. ವಿದ್ಯುನ್ಮಾನ ಮಾಧ್ಯಮದಲ್ಲಿ ಶೇಖರಿಸಿಡುವುದೂ ಪ್ರತಿ ಮಾಡಿದಂತೆಯೇ. ಹಾಗಾಗಿ ಫೋನಿನ ಮೆಮೊರಿಯಲ್ಲಿ ಕುಳಿತ 1.4 ಜಿಬಿ ಫೈಲ್ ಕಾನೂನಿನ ಕಣ್ಣಿಗೆ ಒಂದು ಪ್ರತಿ.

ಇದರ ಎದುರಿಗೆ ಸೆಕ್ಷನ್ 52(1)(ಎ) ಇದೆ. ಖಾಸಗಿ ಬಳಕೆಗಾಗಿ, ಸಂಶೋಧನೆಗಾಗಿ, ವಿಮರ್ಶೆಗಾಗಿ ಕೃತಿಯನ್ನು ನ್ಯಾಯೋಚಿತವಾಗಿ ಬಳಸಿಕೊಂಡರೆ ಉಲ್ಲಂಘನೆಯಲ್ಲ ಎನ್ನುತ್ತದೆ ಅದು. 2012ರ ತಿದ್ದುಪಡಿಯ ನಂತರ ಈ ರಕ್ಷಣೆ ಸಿನಿಮಾಕ್ಕೂ ಅನ್ವಯಿಸುತ್ತದೆ. ಅದಕ್ಕೆ ಕೊಟ್ಟಿರುವ ವಿವರಣೆಯಲ್ಲಿ, ಮೂಲ ಪ್ರತಿಯೇ ಅಕ್ರಮದ್ದಾಗಿರಬಾರದು ಎಂಬ ಷರತ್ತು ಬರುವುದು ಕಂಪ್ಯೂಟರ್ ಪ್ರೋಗ್ರಾಂ ಸಂದರ್ಭದಲ್ಲಿ ಮಾತ್ರ. ಇದನ್ನೇ ಹಿಡಿದು ‘ನನ್ನ ಸ್ವಂತಕ್ಕೆ ಇಳಿಸಿಕೊಂಡೆ, ತಪ್ಪೇನು’ ಎಂದು ವಾದಿಸುವವರಿದ್ದಾರೆ.

ವಾದಕ್ಕೆ ಕಾಲಿದೆ, ಆದರೆ ಬಲ ಕಡಿಮೆ. ಕಾನೂನು ಹೇಳುವುದು ಬರೀ ಬಳಕೆ ಎಂದಲ್ಲ, ‘ನ್ಯಾಯೋಚಿತ’ ಬಳಕೆ ಎಂದು. 1996ರಲ್ಲಿ ಸಿವಿಕ್ ಚಂದ್ರನ್ ಪ್ರಕರಣದಲ್ಲಿ ಕೇರಳ ಹೈಕೋರ್ಟ್ ಇದನ್ನು ಅಳೆಯಲು ಮೂರು ಅಳತೆಗೋಲು ಕೊಟ್ಟಿತು: ಎಷ್ಟು ಭಾಗ ತೆಗೆದುಕೊಂಡಿರಿ, ಯಾವ ಉದ್ದೇಶಕ್ಕೆ ತೆಗೆದುಕೊಂಡಿರಿ, ಮೂಲ ಕೃತಿಯೂ ಅದನ್ನು ಬಳಸಿ ಮಾಡಿದ ಕೃತಿಯೂ ಮಾರುಕಟ್ಟೆಯಲ್ಲಿ ಪೈಪೋಟಿಗೆ ಬೀಳುತ್ತವೆಯೇ. ವಿಮರ್ಶೆ ಬರೆಯಲು ಒಂದು ನಿಮಿಷದ ದೃಶ್ಯ ಇಟ್ಟುಕೊಂಡವರು ಈ ಅಳತೆಯಲ್ಲಿ ಪಾಸಾಗಬಹುದು. ಬಿಡುಗಡೆಯಾದ ಎರಡನೇ ದಿನ, ಎರಡೂವರೆ ಗಂಟೆಯ ಇಡೀ ಚಿತ್ರವನ್ನು, ಟಿಕೆಟ್ ಕೊಳ್ಳದೆ ನೋಡಲೆಂದೇ ಇಳಿಸಿಕೊಂಡವರು ಮೂರರಲ್ಲೂ ಎಡವುತ್ತಾರೆ.

ಶಿಕ್ಷೆ ಇರುವುದು ಸೆಕ್ಷನ್ 63ರಲ್ಲಿ. ಗೊತ್ತಿದ್ದೂ ಉಲ್ಲಂಘಿಸಿದವರಿಗೆ, ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೆ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಧೀಶರು ವಿಶೇಷ ಕಾರಣ ಬರೆದು ಇದಕ್ಕಿಂತ ಕಡಿಮೆ ಶಿಕ್ಷೆ ಕೊಡಬಹುದು. 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಅಪರಾಧ ಸಂಜ್ಞೇಯ ಮತ್ತು ಜಾಮೀನುರಹಿತ ಎಂದು ತೀರ್ಪಿತ್ತಿತು. ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಜಾಮೀನು ಠಾಣೆಯಲ್ಲಿ ಹಕ್ಕಾಗಿ ಸಿಗುವುದಿಲ್ಲ, ನ್ಯಾಯಾಲಯದಲ್ಲಿ ಕೇಳಬೇಕು. ಹಾಗೆಂದು ಮನೆಮನೆಗೆ ಹೋಗಿ ಡೌನ್‌ಲೋಡ್ ಫೋಲ್ಡರ್ ತೆರೆಸುವ ಪದ್ಧತಿ ನಮ್ಮಲ್ಲಿಲ್ಲ. ಪೊಲೀಸರ ಗಮನ ಇರುವುದು ಪ್ರತಿ ಮಾಡಿದವರ ಮೇಲೆ, ಹಂಚಿದವರ ಮೇಲೆ, ಸೈಟ್ ನಡೆಸುವವರ ಮೇಲೆ.

ಟೊರೆಂಟ್ ಏಕೆ ಬೇರೆ

‘ನಾನು ಬರೀ ಡೌನ್‌ಲೋಡ್ ಮಾಡಿದ್ದು’ ಎಂದು ಟೊರೆಂಟ್ ಬಳಸಿದವರು ಹೇಳುವ ಹಾಗಿಲ್ಲ. ಏಕೆಂದರೆ ಅದು ಕೆಲಸ ಮಾಡುವ ರೀತಿಯೇ ಹಾಗಿದೆ. ಫೈಲ್ ಒಂದೇ ಕಡೆಯಿಂದ ಬರುವುದಿಲ್ಲ. ಅದನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿರುತ್ತಾರೆ. ತುಂಡೊಂದು 1 ಎಂಬಿ ಎಂದಿಟ್ಟುಕೊಂಡರೆ 1.4 ಜಿಬಿಗೆ ಸುಮಾರು 1,400 ತುಂಡು. ನಿಮ್ಮ ಸಾಧನಕ್ಕೆ ಮೊದಲ ಕೆಲವು ತುಂಡು ಸೇರುತ್ತಿದ್ದಂತೆ, ಅವು ಇಲ್ಲದವರಿಗೆ ನಿಮ್ಮ ಕಡೆಯಿಂದ ಹೋಗಲು ಶುರುವಾಗುತ್ತವೆ. ಇಳಿಸಿಕೊಳ್ಳುವುದು 100 ಪ್ರತಿಶತ ಮುಟ್ಟಿದ ಮೇಲೂ ಆ್ಯಪ್ ಮುಚ್ಚದಿದ್ದರೆ ‘ಸೀಡಿಂಗ್’ ಎಂಬ ಹೆಸರಲ್ಲಿ ಹಂಚಿಕೆ ರಾತ್ರಿಯಿಡೀ ನಡೆಯುತ್ತದೆ. ನಿಮ್ಮ ಇಂಟರ್‌ನೆಟ್ ಸಂಪರ್ಕವನ್ನು ಗುರುತಿಸುವ ಐಪಿ ವಿಳಾಸ ಆ ಗುಂಪಿನಲ್ಲಿರುವ ಪ್ರತಿಯೊಬ್ಬರಿಗೂ ಕಾಣುತ್ತದೆ. ಚಿತ್ರತಂಡ ನೇಮಿಸಿದ ಕಂಪನಿಯ ಕಂಪ್ಯೂಟರ್ ಕೂಡ ಅದೇ ಗುಂಪಿನಲ್ಲಿ ಕೂತಿರಬಹುದು. ವಿಪಿಎನ್ ಹಾಕಿದರೆ ಬದಲಾಗುವುದು ಕಾಣುವ ವಿಳಾಸ. ಮಾಡಿದ ಕೆಲಸ ಅದೇ, ಹಂಚಿಕೆ.

ಹೊರದೇಶಕ್ಕೆ ಹೋದ ಕನ್ನಡದ ಹುಡುಗ ಹುಡುಗಿಯರು ಸಿಕ್ಕಿಬೀಳುವುದು ಇಲ್ಲಿಯೇ. ಜರ್ಮನಿಯಲ್ಲಿ ಹಾಸ್ಟೆಲ್ ವೈಫೈನಲ್ಲಿ ಟೊರೆಂಟ್ ಹಾಕಿದ ಕೆಲವು ವಾರಗಳ ಮೇಲೆ ವಕೀಲರ ಕಚೇರಿಯಿಂದ ‘ಅಬ್‌ಮಾನುಂಗ್’ ಎಂಬ ಪತ್ರ ಬರುತ್ತದೆ. ನೂರಾರು ಯೂರೊ ಕೇಳಿರುತ್ತಾರೆ, ಮತ್ತೆ ಹೀಗೆ ಮಾಡುವುದಿಲ್ಲ ಎಂಬ ಮುಚ್ಚಳಿಕೆಗೆ ಸಹಿಯನ್ನೂ ಕೇಳಿರುತ್ತಾರೆ. ಅಲ್ಲಿನ ಕಾನೂನು ಖಾಸಗಿ ಪ್ರತಿಗೆ ಅವಕಾಶ ಕೊಟ್ಟರೂ, ಮೂಲ ಕಣ್ಣಿಗೆ ರಾಚುವಂತೆ ಅಕ್ರಮವಾಗಿದ್ದರೆ ಆ ಅವಕಾಶ ಇಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಪತ್ರ ಬಂದರೆ ಹರಿದು ಎಸೆಯಬೇಡಿ, ಅವರು ಕಳಿಸಿದ ಮುಚ್ಚಳಿಕೆಗೆ ಹಾಗೇ ಸಹಿಯನ್ನೂ ಹಾಕಬೇಡಿ. ಆ ಸಹಿ ಮುಂದೆ ವರ್ಷಗಟ್ಟಲೆ ಕಟ್ಟಿಹಾಕುತ್ತದೆ. ಪತ್ರದಲ್ಲಿರುವ ಗಡುವಿನೊಳಗೆ ವಿಶ್ವವಿದ್ಯಾಲಯದ ಕಾನೂನು ಸಲಹಾ ಕೇಂದ್ರಕ್ಕೋ ಗ್ರಾಹಕ ಕೇಂದ್ರಕ್ಕೋ ತೋರಿಸಿ. ಜಪಾನಿನಲ್ಲಿ 2012ರಿಂದ, ಅಕ್ರಮ ಎಂದು ತಿಳಿದೂ ಸಿನಿಮಾ ಇಳಿಸಿಕೊಳ್ಳುವುದೇ ಕ್ರಿಮಿನಲ್ ಅಪರಾಧ: 2 ವರ್ಷದವರೆಗೆ ಜೈಲು ಅಥವಾ 20 ಲಕ್ಷ ಯೆನ್‌ವರೆಗೆ ದಂಡ. ಊರಿನಲ್ಲಿ ನಡೆದದ್ದು ಅಲ್ಲೂ ನಡೆಯುತ್ತದೆ ಎಂದು ನಂಬಿ ಹೋಗಬೇಡಿ.

ಹಂಚಿದರೆ, ತೋರಿಸಿದರೆ

ಕಾಯ್ದೆಯ ಸೆಕ್ಷನ್ 2(ಎಫ್‌ಎಫ್) ‘ಸಾರ್ವಜನಿಕರಿಗೆ ತಲುಪಿಸುವುದು’ ಎಂದರೇನೆಂದು ಹೇಳುತ್ತದೆ. ಅದನ್ನು ಎಲ್ಲರೂ ಒಮ್ಮೆ ಓದಬೇಕು. ಜನ ತಮಗೆ ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿನಲ್ಲಿ ನೋಡುವಂತೆ ಒದಗಿಸಿಟ್ಟರೆ ಸಾಕು. ಯಾರೂ ನೋಡದೇ ಇದ್ದರೂ ತಲುಪಿಸಿದಂತೆಯೇ. ಕೇಬಲ್, ಉಪಗ್ರಹ ಅಥವಾ ಬೇರೆ ಸಾಧನದ ಮೂಲಕ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಮನೆಗೆ ಕಳಿಸಿದರೆ ಅದು ಸಾರ್ವಜನಿಕವೇ. ಹೋಟೆಲ್ ಮತ್ತು ಹಾಸ್ಟೆಲ್ ಕೋಣೆಗಳೂ ಇದರಲ್ಲಿ ಸೇರುತ್ತವೆ ಎಂದು ಕಾಯ್ದೆ ಹೆಸರಿಸಿಯೇ ಹೇಳಿದೆ.

ಈಗ ನಮ್ಮ ಸುತ್ತ ನೋಡಿ. 200 ಜನರಿರುವ ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗುಂಪಿಗೆ ಫೈಲ್ ಬಿಡುವುದು. ಹಾಸ್ಟೆಲ್‌ನ ನೆಟ್‌ವರ್ಕಿನಲ್ಲಿ ಎಲ್ಲರಿಗೂ ಸಿಗುವಂತೆ ಹಾರ್ಡ್‌ಡಿಸ್ಕ್ ತೆರೆದಿಡುವುದು. ಹುಬ್ಬಳ್ಳಿಗೆ ಹೊರಟ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಪೆನ್‌ಡ್ರೈವ್ ಚುಚ್ಚಿ ಹೊಸ ಸಿನಿಮಾ ಹಾಕುವುದು. ಊರಿನ ಕೇಬಲ್‌ನವರು ತಮ್ಮ ಲೋಕಲ್ ಚಾನೆಲ್‌ನಲ್ಲಿ ಭಾನುವಾರ ಸಂಜೆ ಓಡಿಸುವುದು. ಟೆಲಿಗ್ರಾಂ ಚಾನೆಲ್‌ಗೆ ಲಿಂಕ್ ಹಾಕಿ ‘ಜಾಯಿನ್ ಆಗಿ’ ಎನ್ನುವುದು. ಇಲ್ಲೆಲ್ಲ ‘ಖಾಸಗಿ ಬಳಕೆ’ ಎಂಬ ಕೊಡೆ ಹಿಡಿಯಲು ಜಾಗವೇ ಇಲ್ಲ. ದುಡ್ಡು ಪಡೆದಿರಲಿಲ್ಲ ಎಂಬುದು ಶಿಕ್ಷೆಯ ಪ್ರಮಾಣ ತಗ್ಗಿಸಬಹುದು, ಕೆಲಸವನ್ನು ಸಕ್ರಮ ಮಾಡುವುದಿಲ್ಲ. ಟೆಲಿಗ್ರಾಂನಲ್ಲಿ ನಂಬರ್ ಕಾಣುವುದಿಲ್ಲ ಎಂಬ ಧೈರ್ಯವೂ ಬೇಡ. ಪಾಠದ ವಿಡಿಯೊಗಳನ್ನು ಕದ್ದು ಹಂಚಿದ ಚಾನೆಲ್‌ಗಳ ಪ್ರಕರಣದಲ್ಲಿ 2022ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್, ಅವನ್ನು ನಡೆಸುವವರ ವಿವರ ಕೊಡುವಂತೆ ಟೆಲಿಗ್ರಾಂಗೇ ಆದೇಶಿಸಿತು.

ಒಟಿಟಿ ಪಾಸ್‌ವರ್ಡ್ ಅಕ್ಕನ ಮನೆಗೆ ಕೊಡುವುದು ಬೇರೆ ಲೆಕ್ಕ. ಅದು ಮುಖ್ಯವಾಗಿ ಆ ಕಂಪನಿಯ ಜೊತೆಗಿನ ಕರಾರಿನ ಪ್ರಶ್ನೆ. ಆದರೆ ಒಟಿಟಿಯ ಬೀಗ ಮುರಿದು ಫೈಲ್ ತೆಗೆಯುವುದಕ್ಕೆ ಸೆಕ್ಷನ್ 65ಎ ಅಡಿ 2 ವರ್ಷದವರೆಗೆ ಜೈಲಿದೆ.

ಕರ್ನಾಟಕದಲ್ಲಿ ಇದರ ಮೇಲೆ ಇನ್ನೊಂದು ಪದರವಿದೆ. ಜನ ‘ಗೂಂಡಾ ಕಾಯ್ದೆ’ ಎಂದು ಕರೆಯುವ 1985ರ ರಾಜ್ಯ ಕಾನೂನಿನ ಉದ್ದನೆಯ ಹೆಸರಿನಲ್ಲೇ ವಿಡಿಯೊ, ಆಡಿಯೊ ಪೈರೇಟ್‌ಗಳೂ ಇದ್ದಾರೆ. 2014ರ ತಿದ್ದುಪಡಿ ‘ಡಿಜಿಟಲ್ ಅಪರಾಧಿ’ ಎಂಬ ಹೊಸ ವರ್ಗ ಸೇರಿಸಿತು. ವ್ಯಾಪಾರದ ಉದ್ದೇಶಕ್ಕೆ ಕಾಪಿರೈಟ್ ಮುರಿಯುವವರು ಅದರೊಳಗೆ ಬರುತ್ತಾರೆ. ಇದು ಮುನ್ನೆಚ್ಚರಿಕೆಯ ಬಂಧನದ ಕಾನೂನು. ಅಪರಾಧ ಸಾಬೀತಾಗುವ ಮೊದಲೇ ಒಂದು ವರ್ಷದವರೆಗೆ ಒಳಗಿಡಲು ಅವಕಾಶ ಕೊಡುತ್ತದೆ. ಚಿತ್ರರಂಗದ ನೋವು ನಿಜ, ಆದರೂ ವಿಚಾರಣೆಯಿಲ್ಲದೆ ವರ್ಷದವರೆಗೆ ಕೂಡಿಹಾಕುವ ಅಸ್ತ್ರ ಕಾಪಿರೈಟ್ ಉಲ್ಲಂಘನೆಗೆ ಹೆಚ್ಚಾಯಿತು. ಕಾಯಂ ಕಾನೂನುಗಳನ್ನು ಸರಿಯಾಗಿ, ಬೇಗ ಬಳಸಿದರೆ ಅದರ ಅಗತ್ಯ ಬೀಳುವುದಿಲ್ಲ.

ಥಿಯೇಟರಿನೊಳಗೆ

ಸಿನಿಮಾ ಇಂದು ಚಿತ್ರಮಂದಿರಕ್ಕೆ ಬರುವುದು ಹಾರ್ಡ್‌ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ, ಬೀಗ ಹಾಕಿದ ಡಿಜಿಟಲ್ ಪ್ಯಾಕೇಜಾಗಿ. ‘ಕೆಡಿಎಂ’ ಎಂಬ ಸಣ್ಣ ಕೀಲಿ ಫೈಲ್ ಬೇರೆಯಾಗಿ ಬರುತ್ತದೆ. ಆ ಕೀಲಿ ಆ ಒಂದು ಸರ್ವರ್‌ನಲ್ಲಿ, ಹೇಳಿದ ದಿನದಿಂದ ಹೇಳಿದ ದಿನದವರೆಗೆ ಮಾತ್ರ ಬೀಗ ತೆಗೆಯುತ್ತದೆ. ಪ್ಯಾಕೇಜನ್ನೇ ಕದ್ದರೆ ಉಪಯೋಗವಿಲ್ಲ. ಆದ್ದರಿಂದಲೇ ಕಳ್ಳರು ಪರದೆಗೆ ಕ್ಯಾಮೆರಾ ಹಿಡಿಯುವುದು.

ಅದಕ್ಕೂ ಒಂದು ಉಪಾಯವಿದೆ. ‘ಡಿಸಿಐ’ ಎಂಬ ಡಿಜಿಟಲ್ ಸಿನಿಮಾ ಮಾನದಂಡದ ಸರ್ವರ್‌ಗಳು ಸಿನಿಮಾ ಓಡುತ್ತಿರುವಾಗಲೇ ಚಿತ್ರದೊಳಗೂ ದನಿಯೊಳಗೂ ಕಣ್ಣಿಗೆ ಕಾಣದ, ಕಿವಿಗೆ ಕೇಳದ ಗುರುತು ನೇಯುತ್ತವೆ. ಅದರಲ್ಲಿ 35 ಬಿಟ್ ಮಾಹಿತಿ ಇರುತ್ತದೆ: ಸಮಯಕ್ಕೆ 16, ಜಾಗವನ್ನು ಗುರುತಿಸುವ ಸಂಖ್ಯೆಗೆ 19. ಸಮಯವನ್ನು 15 ನಿಮಿಷದ ನಿಖರತೆಯಲ್ಲಿ ಬರೆಯುತ್ತದೆ, ಪ್ರತಿ 5 ನಿಮಿಷದ ಚಿತ್ರಭಾಗದಲ್ಲೂ ಪೂರ್ತಿ ಗುರುತು ಮತ್ತೆ ಬರುತ್ತದೆ. ಕದ್ದ ಪ್ರಿಂಟ್‌ನ ಸುಮಾರು ಅರ್ಧ ಗಂಟೆಯ ತುಣುಕು ಸಿಕ್ಕರೆ ಯಾವ ಪರದೆ, ಯಾವ ದಿನ, ಯಾವ ಹೊತ್ತು ಎಂದು ಹೇಳಬಹುದು. ಆಮೇಲೆ ಉಳಿಯುವುದು ಆ ಪ್ರದರ್ಶನದ ಟಿಕೆಟ್ ಬುಕಿಂಗ್ ಮತ್ತು ಸಿಸಿಟಿವಿ ನೋಡುವ ಕೆಲಸ.

2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಂದ ತಿದ್ದುಪಡಿ ಈ ಕಳ್ಳತನಕ್ಕೇ ಪ್ರತ್ಯೇಕ ಕಲಂ ಬರೆಯಿತು. ಚಿತ್ರಮಂದಿರದಲ್ಲಿ ಅಕ್ರಮ ಪ್ರತಿ ಮಾಡುವ ಉದ್ದೇಶದಿಂದ ರೆಕಾರ್ಡ್ ಮಾಡುವುದು 6ಎಎ ಅಡಿ, ಅಕ್ರಮ ಪ್ರತಿಯನ್ನು ಲಾಭಕ್ಕಾಗಿ ಸಾರ್ವಜನಿಕರಿಗೆ ಪ್ರದರ್ಶಿಸುವುದು 6ಎಬಿ ಅಡಿ ನಿಷಿದ್ಧ. ಶಿಕ್ಷೆ 3 ತಿಂಗಳಿಂದ 3 ವರ್ಷ. ದಂಡ ಕನಿಷ್ಠ 3 ಲಕ್ಷ ರೂಪಾಯಿ, ಗರಿಷ್ಠ ಚಿತ್ರದ ಲೆಕ್ಕಪರಿಶೋಧಿತ ನಿರ್ಮಾಣ ವೆಚ್ಚದ ಶೇ 5. 10 ಕೋಟಿಯ ಚಿತ್ರವಾದರೆ 50 ಲಕ್ಷ. ಬಸ್ಸಿನಲ್ಲಿ ಪೆನ್‌ಡ್ರೈವ್ ಚುಚ್ಚುವವರೂ 6ಎಬಿಯನ್ನು ನೆನಪಿಡಬೇಕು.

ಕಾನೂನಿನ ಮಾತಿನಲ್ಲಿ ‘ಅಥವಾ ಅದರ ಭಾಗ’ ಎಂದೂ ಇದೆ. ಹೀರೊ ಎಂಟ್ರಿಗೆ ಶಿಳ್ಳೆ ಹೊಡೆಯುತ್ತ ಫೋನ್ ಎತ್ತಿ 30 ಸೆಕೆಂಡ್ ಹಿಡಿದು ಸ್ಟೇಟಸ್‌ಗೆ ಹಾಕುವ ಅಭಿಮಾನಿಗೆ ಕದಿಯುವ ಮನಸ್ಸಿರುವುದಿಲ್ಲ, ಅದು ಪ್ರೀತಿ. ಆದರೆ ಕ್ಲೈಮ್ಯಾಕ್ಸಿನ ತಿರುವು, ಅತಿಥಿ ನಟನ ಪ್ರವೇಶ ಇಂಥವು ಮೊದಲ ದಿನವೇ ನೂರಾರು ಸ್ಟೇಟಸ್‌ಗಳಲ್ಲಿ ಒಡೆದುಹೋದರೆ ಟಿಕೆಟ್ ಕೊಳ್ಳಬೇಕೆಂದಿದ್ದವರ ಕುತೂಹಲವೇ ಸಾಯುತ್ತದೆ. ಪರದೆಯತ್ತ ಬೆನ್ನು ಮಾಡಿ ಜನರ ಸಂಭ್ರಮವನ್ನು ಚಿತ್ರೀಕರಿಸಿ. ಚಿತ್ರತಂಡವೇ ಬಿಟ್ಟ ತುಣುಕನ್ನು ಹಂಚಿ.

ಇದು ಕಳ್ಳತನವೇ?

ಕಾನೂನಿನ ಅರ್ಥದಲ್ಲಿ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 303ರ ಕಳ್ಳತನಕ್ಕೆ ಇನ್ನೊಬ್ಬರ ವಶದಲ್ಲಿರುವ ಚರ ವಸ್ತುವನ್ನು ಸರಿಸಬೇಕು. ಪ್ರತಿ ಮಾಡಿದರೆ ಮೂಲ ಇದ್ದಲ್ಲೇ ಇರುತ್ತದೆ. ಆದ್ದರಿಂದ ‘ಒಂದು ಡೌನ್‌ಲೋಡ್ ಎಂದರೆ ಒಂದು ಟಿಕೆಟ್ ನಷ್ಟ’ ಎನ್ನುವುದೂ ಸರಿಯಲ್ಲ. ಇಳಿಸಿಕೊಂಡವರೆಲ್ಲ ಟಿಕೆಟ್ ಕೊಳ್ಳುತ್ತಿರಲಿಲ್ಲ. ಪೈರಸಿಯಿಂದ ಚಿತ್ರೋದ್ಯಮಕ್ಕೆ ವರ್ಷಕ್ಕೆ 20,000 ಕೋಟಿಯವರೆಗೆ ನಷ್ಟ ಎಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2023ರಲ್ಲಿ ಹೇಳಿತ್ತು. ಅಷ್ಟು ದೊಡ್ಡ ಅಂಕಿಯಿಂದ ಗಾಂಧಿನಗರದ ಸಣ್ಣ ನಿರ್ಮಾಪಕನ ಸ್ಥಿತಿ ಅರ್ಥವಾಗುವುದಿಲ್ಲ. ಅದಕ್ಕೆ ಸಣ್ಣ ಲೆಕ್ಕವೇ ಬೇಕು.

150 ರೂಪಾಯಿಯ ಟಿಕೆಟ್ ತೆಗೆದುಕೊಳ್ಳೋಣ. 100 ರೂಪಾಯಿ ಮೀರಿದ ಟಿಕೆಟ್‌ಗೆ ಜಿಎಸ್‌ಟಿ ಶೇ 18, ಅಂದರೆ ಸುಮಾರು 23 ರೂಪಾಯಿ ಸರ್ಕಾರಕ್ಕೆ. ಉಳಿದ 127ರಲ್ಲಿ ಮೊದಲ ವಾರ ಚಿತ್ರಮಂದಿರಕ್ಕೆ ಅರ್ಧ, ಚಿತ್ರಕ್ಕೆ ಅರ್ಧ ಎಂದುಕೊಂಡರೆ 63. ವಿತರಕರ ಕಮಿಷನ್ ಕಳೆದರೆ ನಿರ್ಮಾಪಕನ ಕೈಗೆ 55 ರೂಪಾಯಿ ಎಂದಿಟ್ಟುಕೊಳ್ಳಿ. 3 ಕೋಟಿಯಲ್ಲಿ ಮಾಡಿದ ಚಿತ್ರ ಟಿಕೆಟ್‌ನಿಂದಲೇ ಅಸಲು ಎತ್ತಬೇಕಾದರೆ ಸುಮಾರು 5.45 ಲಕ್ಷ ಜನ ನೋಡಬೇಕು. ಕದ್ದ ಪ್ರಿಂಟನ್ನು 1 ಲಕ್ಷ ಜನ ಇಳಿಸಿಕೊಂಡರು, ಅವರಲ್ಲಿ ಹತ್ತಕ್ಕೊಬ್ಬರು ಮಾತ್ರ ಚಿತ್ರಮಂದಿರಕ್ಕೆ ಬರುವವರಿದ್ದರು ಎಂದು ಧಾರಾಳವಾಗಿಯೇ ಹಿಡಿಯಿರಿ. ಹೋದದ್ದು 10,000 ಟಿಕೆಟ್, ಐದೂವರೆ ಲಕ್ಷ ರೂಪಾಯಿ.

ಇಷ್ಟೇ ಆಗಿದ್ದರೆ ಚಿತ್ರ ಹೇಗೋ ತಡೆದುಕೊಳ್ಳುತ್ತಿತ್ತು. ನಿಜವಾದ ಏಟು ಬೀಳುವುದು ಸೋಮವಾರ. ಶುಕ್ರ, ಶನಿ, ಭಾನುವಾರದ ಕಲೆಕ್ಷನ್ ನೋಡಿ ಮುಂದೆ ಎಷ್ಟು ಶೋ ಕೊಡಬೇಕೆಂದು ಚಿತ್ರಮಂದಿರದವರು ತೀರ್ಮಾನಿಸುತ್ತಾರೆ. ಸ್ಟಾರ್ ಇಲ್ಲದ ಚಿತ್ರ ಬದುಕುವುದು ಬಾಯಿಂದ ಬಾಯಿಗೆ ಹರಡುವ ಮಾತಿನಿಂದ, ಅದಕ್ಕೆ ನಾಲ್ಕೈದು ದಿನ ಬೇಕು. ‘ಚೆನ್ನಾಗಿದೆಯಂತೆ’ ಎಂಬ ಮಾತು ಹರಡುವ ಹೊತ್ತಿಗೆ ಲಿಂಕ್ ಕೂಡ ಹರಡಿದ್ದರೆ, ಬರಬೇಕಾಗಿದ್ದ ಜನ ಫೋನಿನಲ್ಲೇ ನೋಡಿ ಮುಗಿಸುತ್ತಾರೆ. ನಾಲ್ಕು ಶೋ ಒಂದಾಗುತ್ತದೆ, ಅದೂ ಬೆಳಗಿನ ಶೋ. ಮುಂದಿನ ವಾರ ಬೇರೆ ಭಾಷೆಯ ದೊಡ್ಡ ಚಿತ್ರ ಬಂದು ಆ ಪರದೆಯನ್ನೂ ತೆಗೆದುಕೊಳ್ಳುತ್ತದೆ. ಹತ್ತು ಸಾವಿರ ಟಿಕೆಟ್‌ನ ನಷ್ಟ ಎರಡನೇ ವಾರವನ್ನೇ ನುಂಗುತ್ತದೆ. ‘ಕೋಟಿ ಕೋಟಿ ತಗೊಳ್ಳೋ ಹೀರೊಗೆ ನನ್ನ ನೂರು ರೂಪಾಯಿ ಯಾವ ಲೆಕ್ಕ’ ಎನ್ನುವವರು ಇದನ್ನು ಗಮನಿಸಬೇಕು. ಸ್ಟಾರ್ ಸಂಭಾವನೆ ಬಿಡುಗಡೆಗೆ ಮೊದಲೇ ಸಂದಾಯವಾಗಿರುತ್ತದೆ. ನಷ್ಟ ಹೊರುವುದು ಬಡ್ಡಿಗೆ ಸಾಲ ತಂದ ನಿರ್ಮಾಪಕ ಮತ್ತು ಅವನ ಮುಂದಿನ ಚಿತ್ರದಲ್ಲಿ ಕೆಲಸ ಸಿಗಬೇಕಾಗಿದ್ದ ಲೈಟ್‌ಬಾಯ್, ಮೇಕಪ್‌ನವರು, ಸಂಕಲನದ ಸಹಾಯಕರು.

ಒಟಿಟಿಯಲ್ಲೂ ಇದೇ ಕಥೆ. ಕನ್ನಡದ ಬಹಳಷ್ಟು ಸಣ್ಣ ಚಿತ್ರಗಳಿಗೆ ಒಟ್ಟು ಮೊತ್ತ ಸಿಗುವುದಿಲ್ಲ, ಜನ ಎಷ್ಟು ಹೊತ್ತು ನೋಡಿದರು ಎಂಬುದರ ಮೇಲೆ ಹಣ. ಒಟಿಟಿಗೆ ಬಂದ ಮೇಲೂ ಟೆಲಿಗ್ರಾಂನಲ್ಲೇ ನೋಡಿದರೆ ಆ ನಿಮಿಷಗಳು ಲೆಕ್ಕಕ್ಕೇ ಬರುವುದಿಲ್ಲ. ಚಂದಾ ಕಟ್ಟಿದ ಆ್ಯಪ್ ಫೋನಿನಲ್ಲಿದ್ದೂ ಫಾರ್ವರ್ಡ್ ಆದ ಫೈಲ್ ತೆರೆಯುವವರಿದ್ದಾರೆ. ಅಂಥವರು ಆ್ಯಪ್‌ನಲ್ಲೇ ಹುಡುಕಿ ನೋಡಿದರೆ ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ ಚಿತ್ರತಂಡಕ್ಕೆ ಹಣ ಸೇರುತ್ತದೆ.

ನೋಡುವವರ ಕಡೆಯ ದೂರುಗಳೂ ಸುಳ್ಳಲ್ಲ. ವಾರಾಂತ್ಯದಲ್ಲಿ ನಾಲ್ಕು ಜನರ ಕುಟುಂಬ ಮಲ್ಟಿಪ್ಲೆಕ್ಸ್‌ಗೆ ಹೋಗಿ ಪಾಪ್‌ಕಾರ್ನ್ ಕೊಂಡು ಬಂದರೆ ಸಾವಿರಗಳಲ್ಲಿ ಖರ್ಚು. ರಾಜ್ಯ ಸರ್ಕಾರ 2025ರಲ್ಲಿ ಟಿಕೆಟ್‌ಗೆ 200 ರೂಪಾಯಿ ಮಿತಿ ಹೇರಿದ್ದು ಈ ಕಾರಣಕ್ಕೇ, ಅದೇ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಹತ್ತಿರದ ಚಿತ್ರಮಂದಿರ ಮುಚ್ಚಿಹೋದ ತಾಲ್ಲೂಕುಗಳಿವೆ. ಚಿತ್ರ ಬಿಡುಗಡೆಯೇ ಆಗದ ದೇಶಗಳಲ್ಲಿ ಕನ್ನಡಿಗರಿದ್ದಾರೆ. ಇವರ ತಪ್ಪು ಮತ್ತು ಬೆಂಗಳೂರಿನಲ್ಲಿ ಪಕ್ಕದ ರಸ್ತೆಯಲ್ಲೇ ಚಿತ್ರಮಂದಿರವಿದ್ದೂ ಮೊದಲ ದಿನ ಲಿಂಕ್ ಹುಡುಕುವವರ ತಪ್ಪು ಒಂದೇ ತೂಕದ್ದಲ್ಲ. ಆದರೆ ಕಾಯಲು ಸಾಧ್ಯವಿದ್ದರೆ ಕಾಯಬೇಕು, ಇದರಲ್ಲಿ ಎರಡು ಮಾತಿಲ್ಲ. ದುಬಾರಿ ಎನ್ನುವುದು ನೋಡದೇ ಇರಲು ಕಾರಣವಾಗಬಹುದು, ಇನ್ನೂರು ಜನರಿಗೆ ಹಂಚಲು ಆಗುವುದಿಲ್ಲ.

ಇನ್ನು ಕದ್ದ ಪ್ರಿಂಟ್‌ನಿಂದ ದುಡ್ಡು ಯಾರಿಗೆ ಸೇರುತ್ತದೆ ಎಂಬುದನ್ನು ಪ್ರಿಂಟೇ ಹೇಳುತ್ತದೆ. ಪರದೆಯ ಮೂಲೆಯಲ್ಲೋ, ಹಾಡಿನ ನಡುವೆ ಅಡ್ಡಲಾಗಿಯೋ ಬೆಟ್ಟಿಂಗ್ ಆ್ಯಪ್‌ನ ಹೆಸರು ಅಚ್ಚಾಗಿರುತ್ತದೆ. ಪ್ರತಿ ಮಾಡಿದವರಿಗೆ ಹಣ ಕೊಡುವವರು ಅವರು. ಸೈಟ್‌ಗಳಲ್ಲಿ ಡೌನ್‌ಲೋಡ್ ಎಂದು ಬರೆದ ಗುಂಡಿಗಳಲ್ಲಿ ಬಹುಪಾಲು ಜಾಹೀರಾತಿನ ಬಲೆ. ವಿಡಿಯೊ ನೋಡಲು ಒಂದು ಎಪಿಕೆ (ಆಂಡ್ರಾಯ್ಡ್ ಆ್ಯಪ್‌ನ ಫೈಲ್) ಹಾಕಿಕೊಳ್ಳಿ ಎಂದರೆ ಅಲ್ಲೇ ನಿಲ್ಲಿಸಿ. ಸಿನಿಮಾ ಫೈಲ್ ಎಂದರೆ ಎಂಪಿ4 ಅಥವಾ ಎಂಕೆವಿ. ಆ್ಯಪ್ ಹಾಕಿಸಿಕೊಂಡು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತಿದೆ ಎಂದರೆ ಅದರ ಕಣ್ಣು ನಿಮ್ಮ ಒಟಿಪಿಯ ಮೇಲೆ.

ಹಳೆಯ ಚಿತ್ರಗಳು

1934ರಲ್ಲಿ ಬಂದ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ದ ಪ್ರಿಂಟ್ ಇಂದು ನಮ್ಮ ಬಳಿ ಇಲ್ಲ. ಹಳೆಯ ಕನ್ನಡ ಚಿತ್ರಗಳ ವಿಚಾರದಲ್ಲಿ ಪ್ರತಿ ಮಾಡುವುದೇ ಕೆಡುಕು ಎಂದು ಹೇಳಲು ಬಾಯಿ ಬಾರದಿರುವುದು ಇದಕ್ಕೇ. ಕಾನೂನು ಚಲನಚಿತ್ರಕ್ಕೆ 60 ವರ್ಷದ ರಕ್ಷಣೆ ಕೊಡುತ್ತದೆ, ಪ್ರಕಟವಾದ ಮರುವರ್ಷದ ಜನವರಿ 1ರಿಂದ ಎಣಿಕೆ. 1965ರಲ್ಲಿ ತೆರೆಕಂಡ ಚಿತ್ರದ ಅವಧಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಒಂದು ಎಚ್ಚರಿಕೆ: ಮುಗಿಯುವುದು ಚಿತ್ರದ ಹಕ್ಕು. ಅದರೊಳಗಿನ ಕಥೆ, ಸಾಹಿತ್ಯ, ಸಂಗೀತಕ್ಕೆ ಕರ್ತೃ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹಾಡನ್ನು ಕತ್ತರಿಸಿ ಚಾನೆಲ್‌ಗೆ ಹಾಕುವ ಮೊದಲು ಇದನ್ನು ನೋಡಿಕೊಳ್ಳಬೇಕು. ಎಪ್ಪತ್ತು, ಎಂಬತ್ತರ ದಶಕದ ಎಷ್ಟೋ ಚಿತ್ರಗಳು ಯಾವ ಒಟಿಟಿಯಲ್ಲೂ ಇಲ್ಲ, ಡಿವಿಡಿಯೂ ಸಿಗದು. ಹಕ್ಕುದಾರರು ಅವನ್ನು ಯೂಟ್ಯೂಬ್‌ಗಾದರೂ ಹಾಕಿದರೆ ಜಾಹೀರಾತಿನ ಹಣವೂ ಬರುತ್ತದೆ, ಜನ ಕದ್ದ ಪ್ರತಿ ಹುಡುಕುವುದೂ ನಿಲ್ಲುತ್ತದೆ. ಈ ಹೊಣೆ ನೋಡುಗರದ್ದಲ್ಲ, ಹಕ್ಕು ಹಿಡಿದು ಕೂತವರದ್ದು.

ಸಣ್ಣ ನಿರ್ಮಾಪಕ ಏನು ಮಾಡಬಹುದು

ಲಿಂಕ್ ಬಂದ ಮೇಲೆ ಕಾಗದ ಹುಡುಕಲು ಹೊರಟರೆ ಮೊದಲ ವಾರಾಂತ್ಯ ಕೈತಪ್ಪಿತು. ಸೆನ್ಸಾರ್ ಪ್ರಮಾಣಪತ್ರ, ಹಕ್ಕಿನ ಕರಾರುಗಳು, ದೂರು ಕೊಡುವವರಿಗೆ ಅಧಿಕಾರ ಪತ್ರ, ಇವಿಷ್ಟೂ ಬಿಡುಗಡೆಯ ವಾರದ ಸೋಮವಾರವೇ ಸ್ಕ್ಯಾನ್ ಆಗಿ ಒಂದು ಫೋಲ್ಡರ್‌ನಲ್ಲಿರಲಿ. 2023ರ ನವೆಂಬರ್‌ನಿಂದ ಕೇಂದ್ರ ಸರ್ಕಾರ ಸೆನ್ಸಾರ್ ಮಂಡಳಿಯಲ್ಲಿ ಮತ್ತು ವಾರ್ತಾ ಮತ್ತು ಪ್ರಸಾರ ಸಚಿವಾಲಯದಲ್ಲಿ ನೋಡಲ್ ಅಧಿಕಾರಿಗಳನ್ನು ನೇಮಿಸಿದೆ. ಹಕ್ಕುದಾರರ ದೂರು ಬಂದರೆ 48 ಗಂಟೆಯೊಳಗೆ ಲಿಂಕ್ ತೆಗೆಸುವುದು ಇದರ ಗುರಿ. ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೂ ಇದೆ.

ಜೊತೆಗೇ 2013ರ ಕೃತಿಸ್ವಾಮ್ಯ ನಿಯಮಗಳ 75ನೇ ನಿಯಮದಡಿ, ಲಿಂಕ್ ಇರುವ ಟೆಲಿಗ್ರಾಂನಂಥ ವೇದಿಕೆಗೆ ನೇರವಾಗಿ ನೋಟಿಸ್ ಕಳಿಸಬಹುದು. ಅದರಲ್ಲಿ ಕೃತಿಯ ವಿವರ, ಹಕ್ಕು ನಿಮ್ಮದೆಂಬ ದಾಖಲೆ, ಅಕ್ರಮ ಪ್ರತಿ ಇರುವ ನಿಖರ ಲಿಂಕ್, 21 ದಿನದೊಳಗೆ ನ್ಯಾಯಾಲಯದ ಆದೇಶ ತರುತ್ತೇವೆಂಬ ಮುಚ್ಚಳಿಕೆ ಇರಬೇಕು. ನೋಟಿಸ್ ತಲುಪಿದ 36 ಗಂಟೆಯೊಳಗೆ ಅವರು ಲಿಂಕ್ ತಡೆಯಬೇಕು. ಎಡವುವುದು ಎರಡು ಕಡೆ. ಒಂದು, ಚಾನೆಲ್ ಹೆಸರು ಮಾತ್ರ ಬರೆದು ಒಂದೊಂದು ಪೋಸ್ಟ್‌ನ ಲಿಂಕ್ ಕೊಡದಿರುವುದು. ಎರಡು, 21 ದಿನ ಮರೆತುಬಿಡುವುದು. ಆದೇಶ ಬಾರದಿದ್ದರೆ ಅವರು ಲಿಂಕ್ ಮತ್ತೆ ತೆರೆಯಬಹುದು.

ಬಿಡುಗಡೆಗೆ ಮೊದಲೇ ಹೈಕೋರ್ಟಿಗೆ ಹೋಗಿ ಅಪರಿಚಿತರ ವಿರುದ್ಧ ತಡೆಯಾಜ್ಞೆ ಪಡೆಯುವ ದಾರಿಯೂ ಇದೆ. ಬೇರೆ ದೇಶಗಳಲ್ಲಿ ‘ಜಾನ್ ಡೋ’ ಎನ್ನುವ ಈ ಅನಾಮಿಕ ಪ್ರತಿವಾದಿಯನ್ನು ನಮ್ಮ ನ್ಯಾಯಾಲಯಗಳು ‘ಅಶೋಕ್ ಕುಮಾರ್’ ಎಂದು ಕರೆಯುತ್ತವೆ. ಮೊದಲೆಲ್ಲ ಒಂದು ಸೈಟ್ ತಡೆದರೆ ಅದೇ ಜನ ಹೆಸರಿನ ಬಾಲ ಬದಲಿಸಿ ಮರುದಿನ ಪ್ರತ್ಯಕ್ಷವಾಗುತ್ತಿದ್ದರು. 2019ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಯುಟಿವಿ ಪ್ರಕರಣದಲ್ಲಿ ‘ಡೈನಾಮಿಕ್’ ತಡೆಯಾಜ್ಞೆ ಕೊಟ್ಟ ಮೇಲೆ, ಹಾಗೆ ಹುಟ್ಟುವ ನಕಲು ಸೈಟ್‌ಗಳನ್ನು ಹೊಸ ದಾವೆ ಹೂಡದೆಯೇ ಅದೇ ಆದೇಶಕ್ಕೆ ಸೇರಿಸಲು ದಾರಿಯಾಯಿತು.

ನೋಡುಗರ ಕೈಗೆ ಲಿಂಕ್ ಬಂದರೆ ಮಾಡಬೇಕಾದದ್ದು ಸರಳ. ಚಾನೆಲ್ ಹೆಸರು, ಪೋಸ್ಟ್ ಲಿಂಕ್, ಬಂದ ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಚಿತ್ರತಂಡದ ಅಧಿಕೃತ ಪುಟಕ್ಕೆ ಖಾಸಗಿ ಸಂದೇಶದಲ್ಲಿ ಕಳಿಸಿ. ಸಿಟ್ಟಿನಿಂದ ‘ನೋಡಿ, ಈ ಲಿಂಕ್‌ನಲ್ಲಿ ನಮ್ಮ ಸಿನಿಮಾ ಹಾಕಿದ್ದಾರೆ’ ಎಂದು ಫೇಸ್‌ಬುಕ್ ಗೋಡೆಯ ಮೇಲೆ ಬರೆಯಬೇಡಿ. ಅಭಿಮಾನಿಗಳು ಒಳ್ಳೆಯ ಮನಸ್ಸಿನಿಂದ ಹಾಕುವ ಅಂಥ ಪೋಸ್ಟ್‌ಗಳ ಕೆಳಗೇ ಆ ಲಿಂಕ್ ಅತಿ ಹೆಚ್ಚು ಜನರಿಗೆ ಸಿಕ್ಕಿಬಿಡುತ್ತದೆ.